ಅವಕಾಶ

ಗೋಡೆಗೆ ಅಂಟಿಸಿದ ಹಾಳೆ ಮಲಯಾಳದಲ್ಲಿತ್ತು.
ಅದನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ,
ಪೈವಳಿಕೆ ಪಂಚಾಯತಿನಲ್ಲಿ, ದಿನಗೂಲಿಗೆ;
ನೂರ ಎಪ್ಪತ್ತೊಂಬತ್ತು ದಿನ ಕಳೆದರೆ
ಮತ್ತೆ ಹೊಸದಾಗಿ ಅರ್ಜಿ.

'ವಿಕಸನಂ ಮನುಷ್ಯಾವಕಾಶಮಾಣ್.'
ಎಷ್ಟೋ ದೇಶಗಳು ಕೂಡಿ ಒಪ್ಪಿದ ಮಾತಂತೆ.
ಅವಸರದಲ್ಲಿ ನಾನೂ ಅದೇ ಪದ ಇಳಿಸಿದ್ದೆ.
ಚನಿಯಣ್ಣ ಬೆರಳಿಟ್ಟು ಓದಿ ಕೇಳಿದ:
"ಅವಕಾಶವಾ? ಅದು ಸಿಕ್ಕಿದರೆ ಉಂಟು,
ಸಿಕ್ಕದಿದ್ದರೆ ಇಲ್ಲ, ಅಲ್ಲವಾ ಅಕ್ಕಾ?"

ಈ ಗಡಿಯಲ್ಲಿ ಒಂದೇ ಪದ
ಎರಡು ಅಂಗಿ ತೊಟ್ಟು ತಿರುಗುತ್ತದೆ.
ಅವರಲ್ಲಿ ಅದು ಮೇಜು ಕುಟ್ಟಿ ಕೇಳುವಂಥದ್ದು,
ನಮ್ಮಲ್ಲಿ ಕಾಯುವಂಥದ್ದು,
ನಾಳೆ ಡ್ರಾ ಇರುವ ಲಾಟರಿ ಚೀಟಿಯ ಹಾಗೆ.

ಜೀಪಿನಿಂದ ಇಳಿದವರು ಐದು ಜನ.
ನಾಲ್ವರ ಕೊರಳಲ್ಲಿ ಗುರುತುಚೀಟಿ,
ಒಬ್ಬನ ಅಂಗೈಯಲ್ಲಿ ಜಡ್ಡು.
ಅವನು ಹಮೂದ್, ಒಮಾನಿನ ಒಣಬೆಟ್ಟದವನು,
ನೆಲದಡಿ ನೀರಿಗೆ ದಾರಿ ತೋಡುವ ಮನೆತನ.
ಇಲ್ಲಿ ನಮ್ಮ ಚನಿಯಣ್ಣ,
ಮುರಕಲ್ಲಿನ ಹೊಟ್ಟೆಗೆ ಎಂಬತ್ತು ಕೋಲು
ಸುರಂಗ ಕೊರೆದವನು.

ಭಾಷಣ ಇಂಗ್ಲಿಷಿನಲ್ಲಿ ಹೊರಟು
ಮಲಯಾಳದಲ್ಲಿ ಬಸ್ಸು ಬದಲಿಸಿ
ನನ್ನ ಬಾಯಲ್ಲಿ ಕನ್ನಡವಾಗಿ
ಹಿಂದಿನ ಬೆಂಚು ಮುಟ್ಟುವಾಗ ತುಳುವಾಗಿ
ಬೆವರು ಒರೆಸಿಕೊಳ್ಳುತ್ತಿತ್ತು.
'ಪಾಲುದಾರಿಕೆ' ದಾರಿಯಲ್ಲೇ ಎಲ್ಲೋ ಇಳಿದುಹೋಯಿತು.
'ಸುಸ್ಥಿರ' ಎಂದಾಗ ಯಾರೋ
"ಸುಸ್ತಾ? ಹೌದು, ತುಂಬಾ" ಎಂದರು.

ಆಗ ಎದ್ದವಳು ಬೀಫಾತುಮ್ಮ,
ಮಸ್ಕತ್ತಿನ ಅಡುಗೆಮನೆಯಲ್ಲಿ ಹನ್ನೆರಡು ವರ್ಷ ದುಡಿದು
ಮಂಡಿನೋವನ್ನೂ ಅರಬಿಯನ್ನೂ ಒಟ್ಟಿಗೆ ತಂದವಳು.
ಹಮೂದ್ ಅವಳಿಗೆ ಹೇಳಿದ. ಅವಳು ಬ್ಯಾರಿಯಲ್ಲಿ ಬಾಯಿ ತೆರೆಯುವಷ್ಟರಲ್ಲಿ
ನಡುವಿನಿಂದ ಒಂದು ಪದ
ಅವಳಿಗೂ ಕಾಯದೆ, ನನಗೂ ಕಾಯದೆ
ನೆಟ್ಟಗೆ ಬಂದು ಚನಿಯಣ್ಣನ ಕಿವಿಗೆ ಬಿತ್ತು:
ಹಕ್ಕ್.

"ಹಕ್ಕು ಅಂದನಾ?"
ಅವನು ಎದೆಯ ಮೇಲೆ ಕೈಯಿಟ್ಟ. ಹಕ್ಕ್.
"ಹಕ್ಕು."
ಹೀಗೆ ಮೂರು ಸಲ, ಮಕ್ಕಳು ಕಲ್ಲಾಟ ಆಡಿದ ಹಾಗೆ.
ಯಾವ ಕಾಲದ ಹಾಯಿಹಡಗಿನಲ್ಲೋ
ಯಾರ ಲೆಕ್ಕದ ಜಗಳದಲ್ಲೋ ಕಡಲು ದಾಟಿ
ನಮ್ಮ ಜಮೀನಿನ ಕಾಗದಗಳಲ್ಲಿ ನೆಲೆಸಿ
ಹುಟ್ಟಿದೂರು ಮರೆತಿದ್ದ ಪದ.
ಈಗ ಎದುರೆದುರು ನಿಲ್ಲಿಸಿದರೆ
ಅಣ್ಣತಮ್ಮ, ಒಂದೇ ಮೂಗು.

ಊಟದ ಹೊತ್ತಿಗೆ ಇಬ್ಬರೂ ಕಾಣೆ.
ಹುಡುಕಿ ಹೋದರೆ ಸುರಂಗದ ಬಾಯಲ್ಲಿ
ಎರಡು ಜೊತೆ ಚಪ್ಪಲಿ,
ಒಳಗೆ, ದೂರ, ಒಂದು ಮೇಣದಬತ್ತಿ.
ಜ್ವಾಲೆ ಸಣ್ಣಗಾದರೆ ಹಿಂದಕ್ಕೆ ಬಾ
ಎಂಬ ನಿಯಮ ಅಲ್ಲಿಯೂ ಉಂಟಂತೆ.
ಹೊರಬಂದಾಗ ಇಬ್ಬರ ಕೂದಲಿಗೂ ಒಂದೇ ಕೆಂಪು.

ಅಂತಾರಾಷ್ಟ್ರೀಯ ಸಹಕಾರದ ಬಗ್ಗೆ ನಿಮ್ಮ ಅಭಿಪ್ರಾಯವೇನು,
ಎಂದು ಗುರುತುಚೀಟಿಯ ಮೇಡಂ ಕೇಳಿದರು.
ಚನಿಯಣ್ಣ ಬೀಡಿ ಹುಡುಕಿ, ಸಿಗದೆ, ಹೇಳಿದ:

"ಒಳಗಿದ್ದವ ಅಗೆಯಬೇಕು.
ಕಲ್ಲು ಎಲ್ಲಿ ಬೆವರುತ್ತದೆ ಅಂತ ಅವನಿಗೇ ಗೊತ್ತು.
ಹೊರಗಿದ್ದವ ಮಣ್ಣಿನ ಬುಟ್ಟಿ ಎಳೆಯಬೇಕು.
ಎಳೆಯುವುದು ಬಿಟ್ಟು
ಎಡಕ್ಕೆ ಅಗೆ, ಬಲಕ್ಕೆ ಅಗೆ ಅಂದರೆ ನೀರು ಬರುವುದಿಲ್ಲ.
ಎಳೆಯದೆ ಮಲಗಿದರೆ
ಒಳಗಿದ್ದವ ತಾನೇ ಅಗೆದ ಮಣ್ಣಲ್ಲಿ ಹೂತುಹೋಗುತ್ತಾನೆ.
ಇಷ್ಟೇ ಮೇಡಂ.
ನಾಳೆ ನಿಮ್ಮೂರಲ್ಲಿ ತೋಡುವುದಿದ್ದರೆ ಹೇಳಿ ಕಳಿಸಿ,
ಬುಟ್ಟಿ ಎಳೆಯಲಿಕ್ಕೆ ನಾನು ಬರುತ್ತೇನೆ."

ಅನುವಾದಿಸಿದೆ.
ಮಲಯಾಳದಲ್ಲಿ ಎಷ್ಟು ಸೋರಿತೋ,
ಇಂಗ್ಲಿಷಿನಲ್ಲಿ ಎಷ್ಟು ಉಳಿಯಿತೋ.
ವರದಿಯಲ್ಲಿ ಒಂದು ಸಾಲು ಬಂತು:
'ಸ್ಥಳೀಯರು ಸಹಕಾರ ವ್ಯಕ್ತಪಡಿಸಿದರು.'

ಪದವಿನ ಮೇಲಿನ ಹನ್ನೊಂದು ಮನೆಗೆ
ನಲ್ಲಿ ಇನ್ನೂ ಹತ್ತಿಲ್ಲ.
ಟ್ಯಾಂಕರು ಬುಧವಾರ ಬರುತ್ತದೆ, ಕೆಲವು ಬುಧವಾರ.

ನನ್ನ ದಿನಗಳೂ ಮುಗಿಯುತ್ತ ಬಂದವು.
ಕೆಂಪು ಪೆನ್ನು ತೆಗೆದುಕೊಂಡು
ಕನ್ನಡದ ಹಾಳೆಯಲ್ಲಿ 'ಅವಕಾಶ' ಹೊಡೆದುಹಾಕಿದೆ,
ಮೇಲೆ ಬರೆದೆ: ಹಕ್ಕು.
ಕ ಒಂದು ನೆಲದ ಮೇಲೆ,
ಇನ್ನೊಂದು ಅದರ ಕಾಲಡಿ ಇಳಿದು
ಏನೋ ಅಗೆಯುತ್ತಿರುವ ಹಾಗೆ.

ಅಂಟು ಒಣಗಿರಲಿಲ್ಲ.
ಖಾಲಿ ಕೊಡ ಸೊಂಟಕ್ಕಿಟ್ಟು ಬೀಫಾತುಮ್ಮ
ಬಾಗಿಲಲ್ಲಿ ನಿಂತು ಕೇಳಿದಳು:
"ಬುಧವಾರ ಇವತ್ತೇ ಅಲ್ಲವಾ?"