ಕಾಲುಚೀಲದ ಒಂಬತ್ತು ದಿನ

ಲಿಫ್ಟು ರಿಪೇರಿ ನನ್ನ ಕಸುಬು. ತಾರ್ತು ಊರಿನ
ಒಂಬತ್ತಂತಸ್ತಿನ ಹಳೇ ಕಟ್ಟಡಗಳಲ್ಲಿ
ಹಗಲೆಲ್ಲ ಹತ್ತಿ ಇಳಿದು, ಇಳಿದು ಹತ್ತಿ,
ಎಲ್ಲಿಗೂ ಹೋಗದವನು.

ಅದಕ್ಕೇ ಇರಬೇಕು ಈ ಹುಚ್ಚು:
ಬಿಯರ್ ಡಬ್ಬಕ್ಕೆ ಸೂಜಿಮೊನೆಯಷ್ಟು ತೂತು,
ಒಳಗೋಡೆಗೆ ಬಳಸಿದ ಫೋಟೋ ಕಾಗದ.
ಕಂಬಕ್ಕೆ ಬಿಗಿದು ಬಂದರೆ ಆರು ತಿಂಗಳು
ಎವೆಯಿಕ್ಕದೆ ನೋಡುತ್ತದೆ. ನೇಸರು ದಿನಕ್ಕೊಂದು
ಗೆರೆ ಎಳೆಯುತ್ತಾನೆ. ಮೋಡವಿದ್ದರೆ ಅದೂ ಇಲ್ಲ.
ಡಬ್ಬಗಳನ್ನು ಖಾಲಿ ಮಾಡಿಕೊಟ್ಟವನು ಜೊತೆಗೆಲಸದ ಆರ್ವೆತ್.
ಕಲೆಗೆ ತನ್ನ ಸೇವೆ ಎನ್ನುತ್ತಾನೆ.

ಡಿಸೆಂಬರಿನ ಅತಿ ಗಿಡ್ಡ ಹಗಲಿಗೆ ಆರು ಕಟ್ಟಿ ಮುಗಿಸಿದ್ದೆ.
ಹೀಯುಮಾ ದ್ವೀಪಕ್ಕೆ ಹಡಗು; ಡೆಕ್ಕಿನ ಮೇಲೆ
ನಾನು, ಗಾಳಿ, ಡೀಸೆಲ್ ವಾಸನೆ.
ನಾರ್ವಾದಲ್ಲಿ ನದಿಯಾಚೆಗೆ ಬೇರೆ ದೇಶ;
ಸೇತುವೆಗೆ ಮುಖಮಾಡಿ ಕಟ್ಟಿದ್ದು ತಪ್ಪಾಯಿತು.
ಮೇಲೆ ನನ್ನದೇ ನಂಬರು ಬರೆದಿದ್ದೆ, ಕರೆಸಿಕೊಂಡರು.
ಗಡಿ ಪೊಲೀಸರು ಅದನ್ನು ಮೊದಲು ನೀರಿನಲ್ಲಿ ಮುಳುಗಿಸಿ,
ಆಮೇಲೆ ಸೀಳಿ, ಆಮೇಲೆ ಕುರ್ಚಿ ಕೊಟ್ಟು ಕೇಳಿದರು:
“ಏನು ಕಂಡೆ ಇದರಲ್ಲಿ?”
“ಇನ್ನೂ ಏನೂ ಇಲ್ಲ. ಜೂನ್ ತನಕ ಕಾಯಬೇಕಿತ್ತು.”
ಬರೆದುಕೊಂಡರು.

ಜೂನಿನಲ್ಲಿ ಬಿಚ್ಚಿದೆ. ಒಂದರಲ್ಲಿ ಕಣಜದ ಹುಳ ಮನೆ ಮಾಡಿತ್ತು.
ಹೀಯುಮಾದ್ದು ನೀರು ಕುಡಿದು, ಬೂಷ್ಟು ಹಿಡಿದು,
ಸಮುದ್ರವಿರಬೇಕಾದಲ್ಲಿ ಹಸಿರು ಕಾಡು.
ಅಕ್ಕನ ಮಗ ಊಕು, ಏಳು ವರ್ಷದವನು,
ತಾರ್ತುವಿನ ತಾರಸಿಯಿಂದ ತೆಗೆದದ್ದನ್ನು ಮೂಗಿಗೆ ಹಿಡಿದು ಹುಡುಕಿದ:
“ಬಸ್ಸೆಲ್ಲಿ? ಜನ ಎಲ್ಲಿ? ನಾನು ಕೈ ಬೀಸಿದ್ದೆನಲ್ಲ!”
ನಿಂತದ್ದು ಮಾತ್ರ ಉಳಿಯುತ್ತೆ, ಮರೀ. ಚಿಮಣಿ, ಗೋಡೆ,
ಯಾರೂ ತೆಗೆಯದ ಆ ಕೆಂಪು ಕಾರು.
ಆರು ತಿಂಗಳ ಎದುರು ನಿನ್ನ ಕೈಬೀಸು ಎಷ್ಟರದ್ದು?
ಅವನು ಒಪ್ಪಲಿಲ್ಲ.
ನನಗೂ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಇದೊಂದು ಹೇಳಿಬಿಡಬೇಕು: ಈ ಕಾಗದವನ್ನು ತೊಳೆಯುವಂತಿಲ್ಲ.
ಬೆಳಕಿಗೆ ಹಿಡಿದಷ್ಟೂ ಕಪ್ಪಾಗುತ್ತದೆ. ಸ್ಕ್ಯಾನರಿನಲ್ಲಿ ಕವುಚಿ
ಉಸಿರು ಬಿಗಿಹಿಡಿದು ಒಂದೇ ಸಲ ಗುಂಡಿ ಒತ್ತಬೇಕು.
ನೋಡಿದಷ್ಟೂ ಸವೆಯುತ್ತದೆ.

ಎರಡನೇ ಸರದಿಗೆ ಪೇಯ್ಪ್ಸಿ ಸರೋವರದ ದಡ, ಕೋಲ್ಕ್ಯಾ ಹಳ್ಳಿ.
ಈರುಳ್ಳಿ ಮಾರುವ ಫ್ಯೋಕ್ಲಾಳ ಹತ್ತಿರ ಶೆಡ್ಡಿನ ಗೋಡೆ ಕೇಳಿದೆ.
ನನ್ನ ರಷ್ಯನ್ ಹರಕು, ಅವಳ ಎಸ್ಟೋನಿಯನ್ ತೇಪೆ.
“ಬಾಡಿಗೆ ಬೇಡ. ಹೋದ ವರ್ಷದ್ದು ಎರಡು ಜಡೆ ಉಳಿದಿದೆ, ಕೊಂಡುಕೋ.”
ಕೊಂಡೆ. ಜುಲೈ ಮುಗಿದರೂ ಕಾರಿನಿಂದ ಈರುಳ್ಳಿ ಇಳಿಯಲಿಲ್ಲ.

ಡಿಸೆಂಬರಿನಲ್ಲಿ ಬಿಚ್ಚಿ ತಂದ ಆ ಚಿತ್ರ ಚೆನ್ನಾಗಿಯೇ ಇತ್ತು:
ನೀರು ಹಾಲಿನ ಹಾಗೆ; ಆರು ತಿಂಗಳ ಸೋಮವಾರಗಳ
ಒಗೆದ ಬಟ್ಟೆಯೆಲ್ಲ ಸೇರಿ ಹಗ್ಗದ ಕೆಳಗೆ ಒಂದು ಮಬ್ಬು;
ಮೇಲೆ, ಲಿಫ್ಟಿನ ಉಕ್ಕಿನ ಹುರಿ ಬಿಚ್ಚಿ ಹರಡಿದಂತೆ, ಗೆರೆ ಗೆರೆ.
ಆದರೆ ಆಗಸ್ಟಿನ ನಡುವೆ ಒಂದು ಬರಿದಾದ ಪಟ್ಟಿ.
ಭೂತಗನ್ನಡಿ ಇಟ್ಟು ಎಣಿಸಿದೆ. ಒಂಬತ್ತು ದಿನ.
ಹವಾಮಾನದ ಲೆಕ್ಕ ತೆಗೆದು ನೋಡಿದೆ:
ಮೊದಲ ದಿನ ಆಲಿಕಲ್ಲು, ಮಿಕ್ಕ ಎಂಟೂ ಚುರುಕು ಬಿಸಿಲು.

ಮುಂದಿನ ಭಾನುವಾರ ಮಂಜಿನಲ್ಲಿ ಜಾರುತ್ತ ಕೋಲ್ಕ್ಯಾಕ್ಕೆ ಹೋದೆ.
ಫ್ಯೋಕ್ಲಾ ಕನ್ನಡಕ ಹುಡುಕಿ, ಚಿತ್ರವನ್ನು ತಿರುಗಿಸಿ, ಮತ್ತೆ ತಿರುಗಿಸಿ,
“ಓ, ಅದಾ? ಆಲಿಕಲ್ಲು ಬಿತ್ತಲ್ಲ.
ನಿನ್ನ ಡಬ್ಬ ಪಾಪ ಅಂತ ನನ್ನ ಗಂಡನ
ಉಣ್ಣೆಯ ಕಾಲುಚೀಲ ತೊಡಿಸಿದೆ. ಆಮೇಲೆ ಮರೆತೆ.
ಈರುಳ್ಳಿ ಕೀಳುವ ಹೊತ್ತು, ಯಾರಿಗೆ ನೆನಪಿರುತ್ತೆ?
ಕೆಟ್ಟುಹೋಯಿತಾ?”
ಇಲ್ಲ ಎನ್ನುವುದಕ್ಕೆ ನನ್ನ ರಷ್ಯನ್ ಸಾಲದೆ ಎರಡು ಲೋಟ ಚಹಾ ಕುಡಿದೆ.
ಹೊರಡುವಾಗ ಅದರ ಜೋಡಿಯನ್ನೂ ಕಾರಿನೊಳಗೆಸೆದಳು:
“ಇದೂ ಒಯ್ಯಿ. ನಾರ್ವಾ ಕಡೆ ಚಳಿ ಜಾಸ್ತಿ.”

ಈಗ ಮೇಜಿನ ಮೇಲೆ ಮುಂದಿನ ವರ್ಷದ ಏಳು ಡಬ್ಬ.
ಊಕುವಿಗೆ ಆ ಬರಿದು ಪಟ್ಟಿಯನ್ನು ತೋರಿಸಿದೆ:
ನೋಡು, ಇಲ್ಲೊಬ್ಬಳು ಸಿಕ್ಕಿದ್ದಾಳೆ.
ಅವನು ತುಂಬ ಹೊತ್ತು ನೋಡಿದ.
ಆಮೇಲೆ ಕಾಲುಚೀಲವನ್ನು ಮೊಣಕೈವರೆಗೆ ಏರಿಸಿಕೊಂಡು
ಇನ್ನೂ ತೂತು ಕೊರೆಯದ ಡಬ್ಬದ ಎದುರು ನಿಂತು
ಕೈ ಬೀಸಿದ.