ಕರೆಯುವ ವಿಭಕ್ತಿ

ಎಂಟು ವರ್ಷ ಗೂರಕ್ ಹಡಗುಕಟ್ಟೆಯ ಗಾಜಿನ ಗೂಡಲ್ಲಿ ಕೂತು
ಡನೂನಿಗೆ ಹೋಗಿಬರುವ ಚೀಟಿ ಹರಿದವಳು ನಾನು.
ಗಾಳಿ ಜೋರಿದ್ದ ದಿನ ಮೈಕು ಹಿಡಿದು
ಇವತ್ತು ದೋಣಿಯಿಲ್ಲ ಅಂದವಳು,
ಯಾರ ಮುಖವನ್ನೂ ನೋಡದೆ, ಎಲ್ಲರಿಗೂ.
ಗಿರಾಕಿಯಿಲ್ಲದ ಹೊತ್ತು ತೊಡೆಯ ಮೇಲೆ
ಬೆನ್ನು ಬಿಚ್ಚಿದ ವ್ಯಾಕರಣ.
ಕ್ರಿಯಾಪದ ಕೊನೆಗೆ ಬರುವ ಭಾಷೆ,
ಕಡೇ ದೋಣಿಯ ಹಾಗೆ. ಕಾಯಬೇಕು. ಬರುತ್ತದೆ.

ಈಗ ನಲವತ್ತರ ಹತ್ತಿರ ಬಿ.ಎಡ್ಡಿನಂಥದೊಂದು ತರಬೇತಿ.
ಗ್ರೀನಕ್ಕಿನ ಈ ಶಾಲೆಯಲ್ಲಿ ಲ್ಯಾಟಿನ್ನಿಗೆ ಸ್ವಂತ ಕೋಣೆಯಿಲ್ಲ.
ಅಡುಗೆ ಕಲಿಸುವ ಕೋಣೆ, ಆರು ಒಲೆ,
ಹಿಂದಿನ ಪೀರಿಯಡ್ಡಿನವರು ಸೀಸಿಹೋದ ಕೇಕಿನ ವಾಸನೆ,
ಹದಿನಾಲ್ಕು ಮಕ್ಕಳು,
ಕೊನೆಯಲ್ಲಿ ಫ್ರಿಜ್ಜಿಗೆ ಒರಗಿ ಮಿಸೆಸ್ ಡಾಲ್ರಿಂಪಲ್.
ಬರುವ ಜೂನಿಗೆ ನಿವೃತ್ತಿ. ಕೈಯಲ್ಲಿ ಹಸಿರು ಪೆನ್ನು.

ಮೊದಲ ವಾರದ ಹಸಿರು:
ರೋಮಿನ ಸ್ನಾನದ ಮನೆಗಳ ಬಗ್ಗೆ ಹನ್ನೊಂದು ನಿಮಿಷ ಹೇಳಿದಿರಿ.
ಒಂದೂ ತಪ್ಪಿಲ್ಲ. ಮೂವರಿಗೆ ನಿದ್ದೆ.
ಮೂರನೇ ವಾರದ್ದು:
ಮಿಸ್ ಗಿಲ್ಫಿಲನ್, ಇದು ಪ್ರಕಟಣೆ.
ಯಾರನ್ನಾದರೂ ಕರೆಯಿರಿ.

ಕರೆಯಲು ಹೆಸರು ಬೇಕು.
ಅರವತ್ತೆಂಟು ಹೆಸರನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿದೆ
ಕುರ್ಚಿಗಳ ನಕ್ಷೆ ಹಿಡಿದು, ಮಗ್ಗಿ ಒಪ್ಪಿಸಿದ ಹಾಗೆ.
ಮಾರನೇ ದಿನ ಎಲ್ಲರೂ ಜಾಗ ಬದಲಿಸಿ ಕೂತಿದ್ದರು.

ಆರನೇ ವಾರ, ಸಂಬೋಧನೆ.
ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ. ಹಾರಿಸೋಣವೆಂದುಕೊಂಡಿದ್ದೆ.
ಅಮೀಕುಸ್, ಗೆಳೆಯ. ಅಮೀಕೆ, ಗೆಳೆಯಾ.
ಉಸ್ ಅಂತ ಮುಗಿಯುವವು ಮಾತ್ರ ಹೀಗೆ ತಿರುಗಿ ನೋಡುತ್ತವೆ,
ಉಳಿದವಕ್ಕೆಲ್ಲ ಹೆಚ್ಚುಕಡಿಮೆ
ಕರೆದರೂ ಒಂದೇ, ಕರೆಯದಿದ್ದರೂ ಒಂದೇ.

ಏಲಿ ಕೈಯೆತ್ತಿದಳು:
ಹೆಸರೇ ಬದಲಾದರೆ
ಅದು ನಾನೇ ಅಂತ ಹೇಗೆ ಗೊತ್ತಾಗುತ್ತೆ ಮಿಸ್?
ಉತ್ತರ ಪಾಠಯೋಜನೆಯಲ್ಲಿರಲಿಲ್ಲ.
ಫ್ರಿಜ್ಜು ಗುಂಯ್ಗುಡುತ್ತಿತ್ತು.

ಗೊತ್ತಾಗುತ್ತೆ, ಅಂದಿತು ಮೂರನೇ ಒಲೆಯ ಕಡೆಯಿಂದ ಒಂದು ದನಿ.
ಆರು ವಾರದಲ್ಲಿ ಹಾಜರಿ ಬಿಟ್ಟು ಬೇರೇನೂ ಹೇಳದ ಹುಡುಗ,
ತೋಳು ಗಿಡ್ಡವಾದ ಕೋಟು.
ನಮ್ಮಜ್ಜಿ ಟೈರೀ ದ್ವೀಪದವಳು ಮಿಸ್. ಗೇಲಿಕ್ ಮಾತಾಡ್ತಾಳೆ.
ಅಪ್ಪನ ಹತ್ತಿರ ನನ್ನ ಚಾಡಿ ಹೇಳುವಾಗ ಶೇಮಸ್ ಅಂತಾಳೆ.
ಊಟಕ್ಕೆ ಕೂಗುವಾಗ ಹೇಮಿಷ್.
ನಾನಿಲ್ಲದಾಗ ಅದು, ಎದುರಿಗಿದ್ದರೆ ಇದು.
ಶಾಲೆಯಲ್ಲಿ ಯಾವುದು ಬರೆಸಿದ್ದಾರೆ, ಕೇಳಿದೆ,
ಹಾಜರಿ ಪುಸ್ತಕ ಕಂಕುಳಲ್ಲೇ ಇಟ್ಟುಕೊಂಡು.
ಕೂಗೋದೇ ಮಿಸ್, ಅಂದ,
ತಾನೂ ಈಗಷ್ಟೇ ಕೇಳಿಸಿಕೊಂಡವನ ಹಾಗೆ.

ಎಷ್ಟು ಸಲ ಕೂಗಿರಬೇಕು
ಸಂಜೆ ಸಮುದ್ರದ ಕಡೆ ತಿರುಗಿ ಯಾರೋ ಯಾರನ್ನೋ,
ಮಗುವಿಗಿಂತ ಮೊದಲು ಕೂಗೇ ಮನೆಗೆ ಬಂದು
ಹೆಸರಾಗಿ ಕೂತುಬಿಡಬೇಕಾದರೆ.

ಬೋರ್ಡಿನ ಮೇಲೆ ಅಮೀಕೆಯ ಪಕ್ಕ ಅವನನ್ನು ಬರೆದೆ,
ಕಾಗುಣಿತ ಅವನೇ ಹೇಳಿಕೊಟ್ಟ. ತಪ್ಪಿದೆ. ಒರೆಸಿ ಮತ್ತೆ ಬರೆದೆ.
ಆಮೇಲೆ ಏನಾಯಿತೋ ಕ್ರಮವಾಗಿ ನೆನಪಿಲ್ಲ:
ಎಲ್ಲರೂ ಎಲ್ಲರನ್ನೂ ಕರೆಯುತ್ತಿದ್ದರು,
ಒಲೆಗೂ ಉಸ್ ಹಚ್ಚಿ ಕರೆದರು,
ಯಾರೋ ಕಿಟಕಿ ತೆಗೆದು ಕಡಲಕಾಗೆಯನ್ನು.
ಇಪ್ಪತ್ತೆರಡನೇ ನಿಮಿಷಕ್ಕೆ ಶುರುವಾಗಬೇಕಿದ್ದ ಮೂರನೇ ಅಭ್ಯಾಸ
ಮೇಜಿನ ಮೇಲೆ ಮೈದಾಹಿಟ್ಟು ಮೆತ್ತಿಕೊಂಡು ಬಿದ್ದಿತ್ತು.
ಗಂಟೆ ಹೊಡೆದದ್ದು ನನಗೆ ಕೇಳಲಿಲ್ಲ.

ಕೋಣೆ ಖಾಲಿಯಾದ ಮೇಲೆ
ಮಿಸೆಸ್ ಡಾಲ್ರಿಂಪಲ್ ಫ್ರಿಜ್ಜಿನಿಂದ ಬೆನ್ನು ಕಿತ್ತು
ಹಾಳೆ ನನ್ನ ಕೈಗಿಟ್ಟು ಹೋದರು.
ಒಂದೇ ಸಾಲು ಹಸಿರು:
ಮನೆಗೆಲಸ ಕೊಡುವುದು ಮರೆತಿರಿ, ಫಿಯೊನಾ.