ಚಿಲಕ

ಸವಳಂಗ ರಸ್ತೆಯಲ್ಲಿ ಟೈಲ್ಸ್ ಅಂಗಡಿಯ ಮೇಲೆ
ಎರಡನೇ ಮಹಡಿ, ಹದಿನಾಲ್ಕು ಕುರ್ಚಿ, ನಮ್ಮ ಕಂಪನಿ.
ಕೆಳಗೆ ಗ್ರಾನೈಟ್ ಕೊಯ್ಯುವಾಗ
ಮೇಲೆ ನಮ್ಮ ಪರದೆಗಳು ಸಣ್ಣಗೆ ನಡುಗುತ್ತವೆ.

ಸಂದರ್ಶನಕ್ಕೆ ಬಂದವಳು ಸೊರಬದ ಕಡೆಯ ಗುತ್ಯಮ್ಮ.
ಅರ್ಜಿಯಲ್ಲೂ ಗುತ್ಯಮ್ಮ ಎಂದೇ ಇತ್ತು.
ನಾನಾದರೆ ಸಿದ್ದಗಂಗಮ್ಮನನ್ನು ಕತ್ತರಿಸಿ
ಸಿಡ್ ಮಾಡಿಕೊಂಡವಳು.
ಮೇಲ್ ಕಳಿಸಿದರೆ 'ಡಿಯರ್ ಸರ್' ಎಂದು ಉತ್ತರ ಬರುತ್ತಿತ್ತು,
ಬೇಗ ಬರುತ್ತಿತ್ತು.

ಮೇಜಿನ ಈ ಕಡೆ ವೃಷಭೇಂದ್ರ, ಫೈರೋಜ್, ನಾನು.
ವೃಷಭೇಂದ್ರ ಕೆಟ್ಟವನಲ್ಲ.
ಅವನ ಬೆರಳು ಹಾಳೆಯ ಮೇಲೆ ಇಳಿದಿಳಿದು
ಒಂದು ಕಡೆ ನಿಂತಿತು.
"ಹದಿನಾಲ್ಕರಿಂದ ಇಪ್ಪತ್ಮೂರರ ತನಕ
ಏನೂ ಇಲ್ಲವಲ್ಲ?"

ಇದಕ್ಕೊಂದು ಉತ್ತರ ಇದೆ.
ಶನಿವಾರದ ಕ್ಲಾಸಿಗೆ ಬರುವ ಹೆಂಗಸರಿಗೆ ನಾನೇ ಬಾಯಿಪಾಠ ಮಾಡಿಸಿದ್ದು:
ಮನೆ ನಡೆಸುವುದೂ ಮ್ಯಾನೇಜ್‌ಮೆಂಟು,
ಮಗು ಸಾಕುವುದೂ ಪ್ರಾಜೆಕ್ಟು.
ಕೇಳಿದವರು ತಲೆದೂಗುತ್ತಾರೆ, ನಗುತ್ತಾರೆ,
ಆಮೇಲೆ ಕಡಿಮೆ ಸಂಬಳ ಬರೆಯುತ್ತಾರೆ.

ಅವಳು ಅದನ್ನು ಹೇಳಲಿಲ್ಲ.
"ದುಡಿದೆ ಸರ್, ಕಲಿಯಲಿಲ್ಲ.
ಅತ್ತೆಗೆ ಡಯಾಲಿಸಿಸ್, ವಾರಕ್ಕೆರಡು ಸಲ ಮೆಗ್ಗಾನ್ ಆಸ್ಪತ್ರೆ.
ಕಾರಿಡಾರಿನಲ್ಲಿ ಪುಸ್ತಕ ಬಿಚ್ಚಿದರೆ ನಿದ್ದೆ.
ಗೊತ್ತಿದ್ದದ್ದರಲ್ಲಿ ಅರ್ಧ ಮರೆತೆ.
ಮರೆತದ್ದನ್ನೆಲ್ಲ ಪಟ್ಟಿ ಮಾಡಿದ್ದೇನೆ,
ನೋಡ್ತೀರಾ?"

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳು.
ಪಾಯಿಂಟರ್. ರಿಕರ್ಷನ್. ಮೂರು ಬಗೆಯ ಜಾಯಿನ್.
ಪೆನ್ಸಿಲ್ಲಿನಲ್ಲಿ ನಲವತ್ತೊಂದು ಸಾಲು.
ಇಪ್ಪತ್ತಾರಕ್ಕೆ ಅಡ್ಡಗೆರೆ.
"ಗೆರೆ ಎಳೆದದ್ದು ಮತ್ತೆ ಬಂತು."

ಫೈರೋಜ್ ನಮ್ಮದೇ ಕೋಡಿನ ಒಂದು ತುಂಡು ತೋರಿಸಿದ.
ಬಹಳ ಹೊತ್ತು ನೋಡಿದಳು.
"ತಪ್ಪು ಎಲ್ಲಿದೆ, ನನಗೆ ಗೊತ್ತಾಗ್ತಿಲ್ಲ.
ಆದರೆ ಇದಕ್ಕೆ ಟೆಂಪ್ ಟೂ ಅಂತ ಯಾಕಿಟ್ಟಿರಿ?
ಟೆಂಪ್ ಒನ್ ಎಲ್ಲಿ?"
ನಾವು ಮೂವರೂ ಪರದೆಯನ್ನೇ ನೋಡಿದೆವು.

ಕೊನೆಗೆ, ನಿಮ್ಮದೇನಾದರೂ ಪ್ರಶ್ನೆ?
ಇದ್ದದ್ದು ಒಂದೇ. ನನ್ನೊಬ್ಬಳ ಕಡೆ ತಿರುಗಿ ಕೇಳಿದಳು:
"ಇಲ್ಲಿ ಟಾಯ್ಲೆಟ್ಟಿಗೆ ಚಿಲಕ ಇದೆಯಾ ಮೇಡಂ?"
ವೃಷಭೇಂದ್ರ ಕೆಮ್ಮಿದ.

ನನ್ನ ಮೊದಲ ಕೆಲಸದಲ್ಲಿ ಇರಲಿಲ್ಲ.
ಎಡಗಾಲು ಚಾಚಿ ಬಾಗಿಲಿಗೆ ಒತ್ತಿ ಕೂರುತ್ತಿದ್ದೆ.
ಹೊರಗೆ ಚಪ್ಪಲಿ ಸದ್ದಾದರೆ ಸುಮ್ಮನೆ ಕೆಮ್ಮುವುದು.
ಬೆಳಿಗ್ಗೆಯಿಂದ ಸಂಜೆ ಆರರ ತನಕ ನೀರು ಮುಟ್ಟುತ್ತಿರಲಿಲ್ಲ.
ಉರಿಮೂತ್ರ ಹಿಡಿದು ಮಲಗಿದಾಗ
ರಜಾ ಅರ್ಜಿಯಲ್ಲಿ ಜ್ವರ ಎಂದು ಬರೆದೆ.
'ಬೇಗ ಗುಣವಾಗಿ ಸರ್' ಎಂದು
ಪುಣೆಯ ಕ್ಲೈಂಟು ಬರೆದಿದ್ದ.

ಈ ಆಫೀಸು ಹಿಡಿದಾಗ
ಸರ್ವರಿಗಿಂತ ಮೊದಲು ಕೊಂಡದ್ದು ಚಿಲಕ,
ಗಾಂಧಿ ಬಜಾರಿನಲ್ಲಿ, ಅರವತ್ತೈದು ರೂಪಾಯಿ.
"ಇದೆ," ಎಂದೆ.
ಎಂದ ಮೇಲೆ ನೆನಪಾಯಿತು,
ಅದು ಸಡಿಲಾಗಿ ತಿಂಗಳಾಗಿದೆ.
ಟೆಸ್ಟಿಂಗಿನ ಹುಡುಗಿ ಎರಡು ಸಲ ಹೇಳಿದ್ದಳು.
ನಾನು ಮರೆತದ್ದರ ಪಟ್ಟಿ
ಎಲ್ಲೂ ಬರೆದಿಟ್ಟಿಲ್ಲ.

ಅವಳು ಮೆಟ್ಟಿಲಿಳಿದ ಮೇಲೆ
ವೃಷಭೇಂದ್ರ ಒಂದು ಸಂಬಳ ಬರೆದ.
ಫೈರೋಜನನ್ನು ಸೇರಿಸಿಕೊಂಡಾಗ ಎಷ್ಟು ಬರೆದಿದ್ದೆವು, ಎಂದೆ.
ಫ್ಯಾನು ತಿರುಗಿತು.
ಫೈರೋಜನೇ ಹೇಳಿದ, ಮೆಲ್ಲಗೆ, ನೆಲ ನೋಡುತ್ತ.
ಮೊದಲಿನ ಅಂಕಿ ಹೊಡೆದು ಅದನ್ನು ಬರೆದೆವು.

ಸ್ಕ್ರೂಡ್ರೈವರಿಗೆ ಕೆಳಗಿನ ಅಂಗಡಿಗೆ ಹೋದೆ.
"ಯಾರಾದರೂ ಹುಡುಗರನ್ನು ಕಳಿಸೋದಲ್ವಾ ಮೇಡಂ?"
ನಾಲ್ಕು ಸ್ಕ್ರೂ. ಮೂರು ಬಿಗಿಯಾದವು.
ನಾಲ್ಕನೆಯದರ ತೂತು ಸವೆದು ದೊಡ್ಡದಾಗಿತ್ತು,
ಬೆಂಕಿಕಡ್ಡಿ ಮುರಿದು ತುರುಕಿ ತಿರುಗಿಸಿದೆ.
ಒಳಗೆ ಹೋಗಿ ಹಾಕಿ ನೋಡಿದೆ.
ಕೆಳಗೆ ಗ್ರಾನೈಟ್ ಕೊಯ್ಯುತ್ತಿದ್ದರು.
ಬಾಗಿಲು ನಡುಗಿತು, ಚಿಲಕ ಜಾರಲಿಲ್ಲ.
ಎರಡೂ ಕಾಲು ನೆಲದ ಮೇಲಿಟ್ಟು
ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.